ಕೊನೆಯಕ್ಷರ ತಪ್ಪಿದ ಸಹಿ

"ನಾನು ಬೇಡ ಅಂದಿಲ್ಲಪ್ಪಾ! ಸರ್ಕಾರವೇ ಕೈ ಹಿಡಿದು ಮೇಲೆತ್ತೋಕೆ ಬಂದ್ರೆ ಬೇಡ ಅನ್ನೋಕೆ ನನಗೇನು ತಲೆ ಕೆಟ್ಟಿದ್ಯಾ?"

ಶುಕ್ರವಾರ ಬೆಳಿಗ್ಗೆ ಕ್ಲೀವ್‌ಲ್ಯಾಂಡಿನ ಮನೆಸಾಲ ಸಲಹಾ ಕಚೇರಿಯಲ್ಲಿ ರೆಜಿನಾ ಮಾಲಿನೋವ್ಸ್ಕಿ ಎಂಬ ಎಪ್ಪತ್ತೊಂದರ ವಿಧವೆ ಹೀಗೆ ಕೂಗಿದಾಗ ಅಲ್ಲಿನ ಸಲಹೆಗಾರ ಫ್ರಾಂಕ್ ಡುಗನ್ ಗೋಡೆಯ ಕ್ಯಾಲೆಂಡರಿನತ್ತ ನೋಡಿದ. ಸೋಮವಾರ ಹತ್ತು ಗಂಟೆಗೆ ಸಾಲದ ಕಂತು ಬಾಕಿಗಾಗಿ ಆಕೆಯ ಮನೆ ಶೆರೀಫನ, ಅಂದರೆ ಜಿಲ್ಲಾ ಪೊಲೀಸ್ ಅಧಿಕಾರಿಯ, ಹರಾಜಿಗೆ ಹೋಗಲಿತ್ತು. ಸರ್ಕಾರದ ಪರಿಹಾರ ಯೋಜನೆಯಲ್ಲಿ ತಿಂಗಳ ಕಂತು ಸಾವಿರದ ನೂರು ಡಾಲರಿನಿಂದ ಏಳುನೂರಕ್ಕೆ ಇಳಿಯುವುದರಲ್ಲಿತ್ತು. ಅಷ್ಟರಲ್ಲಿ ಯಾರೋ ಪುಣ್ಯಾತ್ಮರು ಆಕೆಯ ಹೆಸರಿನಲ್ಲಿ "ನನ್ನ ಅರ್ಜಿ ವಾಪಸ್ ಪಡೆಯುತ್ತೇನೆ" ಎಂದು ಬ್ಯಾಂಕಿಗೆ ಫ್ಯಾಕ್ಸ್ ಕಳಿಸಿದ್ದರು.

ಒಡೆಸ್ಸಾ ಪ್ರೂಟ್ ಆ ಪತ್ರದ ನಕಲನ್ನೇ ನೋಡುತ್ತ ಕೂತಿದ್ದಳು. ಮೂವತ್ತೊಂದು ವರ್ಷ ಅಂಚೆ ವಿಂಗಡಿಸಿ ನಿವೃತ್ತಳಾದವಳು. ಈಗ ಈ ಕಚೇರಿಯಲ್ಲಿ ಕಳೆದ ಕಾಗದ, ಕಳ್ಳ ಕಾಗದ ಹಿಡಿಯುವುದೇ ಅವಳ ಕೆಲಸ. ಎರಡು ವರ್ಷ ಅವಳ ಪಕ್ಕದ ಮೇಜಿನಲ್ಲಿ ಕೂತು ಫ್ರಾಂಕ್ ಕಲಿತದ್ದು ಒಂದೇ: ಅವಳು ಸುಮ್ಮನಿದ್ದಾಗ ಕಾಫಿ ಕೊಡಬೇಕು, ಬಾಯಿ ತೆರೆಯಬಾರದು.

ಆದರೂ ತೆರೆದ. "ಸಹಿ ಅಕ್ಷರ ಕೆಟ್ಟುಹೋಗಿದೆ. 'ರೆಜಿನಾ ಮಾಲಿನೋವ್ಸ್ಕಾ' ಅಂತ ಕಾಣ್ತಿದೆ. ಹಾಳು ಯಂತ್ರ!"

"ಯಂತ್ರನ ಯಾಕಯ್ಯಾ ಬೈತೀಯ? ಎದ್ದೇಳು, ಮನೆ ನೋಡಿ ಬರೋಣ."

ಅರ್ಜಿ, ಸಾಲದ ಸಂಖ್ಯೆ, ಸಹಿ ಹಾಕಿದ ಹಾಳೆ ಎಲ್ಲ ರೆಜಿನಾಳ ಅಡುಗೆಮನೆಯ ಡ್ರಾಯರಿನಲ್ಲೇ ಇದ್ದವು. ಅದಕ್ಕೆ ಕೈ ಹಾಕಬಲ್ಲವರು ಮೂವರು. ಒಬ್ಬ ಡೆನಿಸ್, ರೆಜಿನಾಳ ಗಂಡನ ತಮ್ಮನ ಮಗ; ಮನೆ ಮಾರಿಬಿಡು ಎಂದು ವರ್ಷದಿಂದ ಆಕೆಯ ತಲೆ ತಿನ್ನುತ್ತಿದ್ದವನು. ಇನ್ನೊಬ್ಬ ಹಾಲೊವೇ, ಕಂತು ಇಳಿಸಿಕೊಡುತ್ತೇನೆಂದು ಎಂಟುನೂರು ಡಾಲರ್ ಕಿತ್ತುಕೊಂಡ ಮಧ್ಯವರ್ತಿ. ಮೂರನೆಯವನು ಮೇಲ್ಮಹಡಿಯ ಬಾಡಿಗೆದಾರ ಯಾರೆಕ್. ಎಂಟು ವರ್ಷದ ಹಿಂದೆ ಪೋಲೆಂಡಿನಿಂದ ಬಂದವನು, ಆಕೆಯ ಬೀಟ್‌ರೂಟ್ ಸೂಪು ಕುಡಿದು ಆಕೆಯ ಹೀಟರ್ ರಿಪೇರಿ ಮಾಡಿಕೊಂಡಿದ್ದವನು. ಹಾಲೊವೇನೇ ಕಳ್ಳ ಎಂದು ಫ್ರಾಂಕ್ ಮನಸ್ಸಿನಲ್ಲೇ ತೀರ್ಪು ಕೊಟ್ಟುಬಿಟ್ಟ.

"ಬ್ಯಾಂಕಿನವರು ಕೊನೆಗೆ ಏನು ಕೇಳಿದ್ರು?" ಎಂದಳು ಒಡೆಸ್ಸಾ.

"ಬಾಡಿಗೆ ಎಷ್ಟು ಅಂತ ಯಾರೆಕ್ ಸಹಿ ಮಾಡಿದ ಕಾಗದ. ನಾಳೆ ಕೊಡ್ತೀನಿ, ನಾಳೆ ಕೊಡ್ತೀನಿ ಅಂತಿದ್ದ. ಪಾಪ, ಅವನಿಗೂ ಕೆಲಸದ ಗಡಿಬಿಡಿ ನೋಡಿ ತಾಯಿ," ಎಂದಳು ರೆಜಿನಾ.

ಫ್ರಿಜ್ಜಿನ ಮೇಲೆ ರೆಜಿನಾಳ ಹೆಸರುದಿನಕ್ಕೆ, ಅಂದರೆ ಆಕೆಯ ಹೆಸರಿನ ಸಂತಳ ಹಬ್ಬಕ್ಕೆ, ಯಾರೆಕ್ ಕೊಟ್ಟ ಶುಭಾಶಯ ಪತ್ರ ಲಕೋಟೆ ಸಮೇತ ಅಂಟಿತ್ತು. ಒಡೆಸ್ಸಾ ಅದನ್ನು ಬಹಳ ಹೊತ್ತು ನೋಡಿದಳು.

ಮೂರು ಗಂಟೆಗೆ ಹಾಲೊವೇ ಒಬ್ಬನನ್ನು ಬಿಟ್ಟು ಎಲ್ಲರೂ ಅಡುಗೆಮನೆಯಲ್ಲಿ ಸೇರಿದರು. ಬ್ಯಾಂಕು ಐದಕ್ಕೆ ಮುಚ್ಚುತ್ತಿತ್ತು. ಫ್ರಾಂಕ್ ಗಡಿಯಾರ ನೋಡಿ ನೋಡಿ ಎರಡು ಹೊಟ್ಟೆಮಾತ್ರೆ ನುಂಗಿದ.

"ಹಾಲೊವೇ ಮೋಸಗಾರನೇ," ಎಂದಳು ಒಡೆಸ್ಸಾ. "ಆದ್ರೆ ಅರ್ಜಿ ನಡೀತಿದ್ರೇನೇ ಅವನಿಗೆ ಮುಂದಿನ ಫೀಸು. ಹಾಲು ಕೊಡೋ ಹಸೂಗೆ ಯಾರಾದ್ರೂ ವಿಷ ಹಾಕ್ತಾರಾ? ಡೆನಿಸ್, ನಿನ್ನ ಹೆಂಡತಿ ಹೆಸರೇನಪ್ಪಾ?"

"ಶೆರಿ ಮಾಲಿನೋವ್ಸ್ಕಿ."

"ನಿಮ್ಮಮ್ಮ?"

"ಮಾಲಿನೋವ್ಸ್ಕಿನೇ. ಇನ್ನೇನಿರತ್ತೆ?"

"ಅದೇ ಮಾತು! ರೆಜಿನಾಮ್ಮನ ಹಾಗೆ, ನಿನ್ನ ಹಾಗೆ ಇಲ್ಲಿ ಹುಟ್ಟಿದವರಿಗೆ ಗಂಡು ಹೆಣ್ಣು ಎಲ್ಲಾ 'ಸ್ಕಿ'ನೇ. ಪೋಲೆಂಡಲ್ಲಿ ಮಾತ್ರ ಹೆಂಗಸರು 'ಸ್ಕಾ'. ಸಹಿ ಎದುರಿಗಿಟ್ಕೊಂಡು ಬರೆದ್ರೂ ಕೈ ಹುಟ್ಟೂರಿನ ಅಭ್ಯಾಸ ಬಿಡಲಿಲ್ಲ. ಯಾರೆಕ್ ಕೊಟ್ಟ ಈ ಲಕೋಟೆ ಮೇಲೂ ಮಾಲಿನೋವ್ಸ್ಕಾ. ಬಾಡಿಗೆ ಕಾಗದ ಕೊಡೋಕೆ ಹಿಂದೇಟು ಹಾಕಿದವನೂ ಒಬ್ಬನೇ."

ಯಾರೆಕ್ ಕುರ್ಚಿ ಎಳೆದುಕೊಂಡು ಕೂತ. "ವೀಸಾ ಮುಗಿದು ಆರು ವರ್ಷ ಆಯ್ತಮ್ಮಾ. ಕಾಗದ ಕೊಟ್ರೆ ನನ್ನ ಹೆಸರು ಸರ್ಕಾರಕ್ಕೆ ಹೋಗತ್ತೆ ಅಂತ ಹೆದರಿದೆ. ಅರ್ಜಿ ನಿಂತ್ರೆ ಹಳೇ ಕಂತು ಇರತ್ತೆ, ನಾನೇ ಬಾಡಿಗೆ ಜಾಸ್ತಿ ಕೊಟ್ರಾಯ್ತು ಅಂದ್ಕೊಂಡೆ. ಹರಾಜು ಆಗತ್ತೆ ಅಂತ ದೇವರಾಣೆ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಹೇಳೋಕೆ ಬಾಯಿ ಬರಲಿಲ್ಲ."

"ಉಂಡ ಮನೆಗೆ ಎರಡು ಬಗೆದ್ಯಲ್ಲೋ!" ಎಂದು ರೆಜಿನಾ ಅತ್ತೇಬಿಟ್ಟಳು.

"ಈ ಸಹಿ ನನ್ನದಲ್ಲ ಅಂತ ನೀವು ಬರೆದುಕೊಡಿ, ರೆಜಿನಾಮ್ಮ. ಯಾರದು ಅಂತ ಬರೀಬೇಕಾಗಿಲ್ಲ," ಎಂದು ಹೇಳಿ ಒಡೆಸ್ಸಾ ಯಾರೆಕ್‌ನತ್ತ ತಿರುಗಿದಳು. "ಬಾಡಿಗೆ ಕಾಗದದಲ್ಲಿ ವೀಸಾ ಕೇಳೋ ಜಾಗಾನೇ ಇಲ್ಲ ಕಣಪ್ಪಾ. ಒಂದು ಮಾತು ಕೇಳಿದ್ದಿದ್ರೆ ಆಗ್ತಿತ್ತು. ಆದ್ರೆ ನಿನ್ನ ನಿಜವಾದ ಹೆಸರು ಬೇಕು. ಮುಂದೆ ಯಾರೂ ವಿಚಾರಿಸಲ್ಲ ಅಂತ ನಾನು ಆಣೆ ಹಾಕಲಾರೆ."

ಯಾರೆಕ್ ಪೆನ್ನು ಎಳೆದುಕೊಂಡ. ಮನೆಯೊಡತಿಯ ಹೆಸರಿನ ಕೊನೆಯಕ್ಷರಕ್ಕೆ ಬಂದಾಗ ಕೈ ತಡೆಯಿತು. ಯಾರೆಕ್ ನಿಧಾನವಾಗಿ 'ಸ್ಕಿ' ಎಂದು ಬರೆದ. ಕೆಳಗೆ ತನ್ನ ಪೂರ್ತಿ ಹೆಸರು ಹಾಕಿದ.

ಫ್ರಾಂಕ್ ಓಡಿಹೋಗಿ ಎರಡೂ ಕಾಗದಗಳನ್ನು ಬ್ಯಾಂಕಿಗೆ ಫ್ಯಾಕ್ಸ್ ಮಾಡಿ ಬಂದ. ಐದಕ್ಕೆ ಹತ್ತು ನಿಮಿಷವಿದ್ದಾಗ ಬ್ಯಾಂಕಿನ ಫೋನು ಬಂತು: ಹರಾಜು ನಿಂತಿತು, ಅರ್ಜಿಗೆ ಮತ್ತೆ ಜೀವ ಬಂತು. ಫ್ರಾಂಕ್‌ಗೆ ಕುಣಿಯಬೇಕೆನ್ನಿಸಿತು.

ಅಷ್ಟರಲ್ಲಿ ಯಾರೆಕ್ ಚೀಲ ಹಿಡಿದು ಮಹಡಿಯಿಂದ ಇಳಿದು ಬಂದ.

"ಎಲ್ಲಿಗೋ ಹೊರಟೆ?" ಎಂದಳು ರೆಜಿನಾ, ಕಣ್ಣೊರೆಸಿಕೊಳ್ಳುತ್ತ. "ಇಲ್ಲಿ ಬಾಡಿಗೆಗಿದ್ದೀನಿ ಅಂತ ಈಗ ತಾನೇ ಬರೆದುಕೊಟ್ಟಿದ್ದೀಯ. ನೀನು ಹೋದ್ರೆ ಅದೂ ಸುಳ್ಳು ಕಾಗದ ಆಗತ್ತೆ. ಕೂತ್ಕೋ, ಸೂಪು ಆರ್ತಿದೆ."