ಬೆರಳಿನ ಪಟ್ಟಿ

ಮತದಾನದ ಮರುದಿನ, ಸೋಮವಾರ ಬೆಳಗ್ಗೆ ಹತ್ತೂವರೆಗೆ ಠಾಣೆಗೆ ಬಂದ ದೂರಿನ ಸಾರಾಂಶ ಒಂದೇ ಸಾಲಿನದು. ನನ್ನ ವೋಟನ್ನು ಯಾರೋ ಹಾಕಿಬಿಟ್ಟಿದ್ದಾರೆ.

ದೂರು ತಂದವರು ಎಪ್ಪತ್ತರ ಆಸುಪಾಸಿನ ನಿವೃತ್ತ ಶಿಕ್ಷಕಿ, ಇಡೀ ಬಡಾವಣೆಗೆ ಟೀಚರಮ್ಮ. ಪಕ್ಕದಲ್ಲಿ ಗಂಡ, ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿ ನಿವೃತ್ತರಾದವರು. ಅವರ ಬೆನ್ನಿಗೆ ಕರೆಯದೆ ಬಂದ ಇಬ್ಬರು ಪಕ್ಷದ ಕಾರ್ಯಕರ್ತರು ಫೋನು ಎತ್ತಿ ಹಿಡಿದು ಚಿತ್ರ ತೆಗೆಯುತ್ತಿದ್ದರು. ಇನ್‌ಸ್ಪೆಕ್ಟರ್ ಮೊದಲು ಆ ಇಬ್ಬರನ್ನು ಹೊರಗೆ ಕಳಿಸಿದರು. ಮದುವೆ ಮನೆಗೂ ಸಾವಿನ ಮನೆಗೂ ಒಂದೇ ಮುಖ ಹೊತ್ತು ಬರುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ.

ಹೆಡ್ ಕಾನ್‌ಸ್ಟೇಬಲ್ ಬರೆದುಕೊಳ್ಳತೊಡಗಿದ. ಟೀಚರಮ್ಮ ಬಗ್ಗಿ ನೋಡಿದರು.

"ಮತಗಟ್ಟೆ. ಟ ಅಕ್ಷರಕ್ಕೆ ಒತ್ತು ಬೇಕು. ಒತ್ತಿಲ್ಲದೆ ಯಾವುದೂ ಗಟ್ಟಿಯಾಗಲ್ಲಪ್ಪ."

ಹೆಡ್ ಕಾನ್‌ಸ್ಟೇಬಲ್ ನಾಲಿಗೆ ಕಚ್ಚಿಕೊಂಡು ತಿದ್ದಿದ. ಇನ್‌ಸ್ಪೆಕ್ಟರ್ ನಗು ನುಂಗಿಕೊಂಡು ಕೇಳಿದರು.

"ಎಷ್ಟು ಹೊತ್ತಿಗೆ ಹೋಗಿದ್ರಿ ಮೇಡಂ?"

"ಮಧ್ಯಾಹ್ನ ಎರಡೂವರೆ. ಹೆಸರು, ಮನೆ ನಂಬರು ಹೇಳಿದೆ. ನಿಮ್ಮದು ಬೆಳಗ್ಗೇನೇ ಆಗಿದೆ ಅಂದ್ರು."

"ಬೆರಳಿನ ಶಾಯಿ ನೋಡ್ಲಿಲ್ವಾ?"

"ಪಟ್ಟಿ ಕಟ್ಟಿತ್ತಲ್ಲ." ಎಡಗೈ ತೋರುಬೆರಳನ್ನು ಎತ್ತಿ ತೋರಿಸಿದರು. ಬಿಳಿ ಪಟ್ಟಿ, ಅಚ್ಚುಕಟ್ಟಾಗಿ ಸುತ್ತಿತ್ತು. "ತರಕಾರಿ ಹೆಚ್ಚುವಾಗ ಕುಯ್ಕೊಂಡೆ. ಅಲ್ವೇನ್ರೀ?"

"ಹೌದು," ಎಂದರು ಗಂಡ.

"ಎಷ್ಟೋ ಚುನಾವಣೆಗೆ ನಾನೇ ಡ್ಯೂಟಿ ಮಾಡಿದ್ದೀನಿ. ಒಬ್ಬರ ವೋಟೂ ಅತ್ತಿತ್ತ ಆಗೋಕೆ ಬಿಟ್ಟಿಲ್ಲ. ಈಗ ನನ್ನದೇ ಹೋಯ್ತು." ಟೀಚರಮ್ಮನ ಧ್ವನಿ ನಡುಗಲಿಲ್ಲ, ಕಣ್ಣು ಮಾತ್ರ ತುಂಬಿತು.

ಎಫ್‌ಐಆರ್ ದಾಖಲಾಯಿತು.

ಭಾವಚಿತ್ರದ ಕಾರ್ಡಿಲ್ಲದೆ ವೋಟಿಲ್ಲ ಎಂಬ ಮಸೂದೆ ಆಗ ಸದನದ ಮುಂದಿತ್ತು. ಹೆಸರು, ಮನೆ ನಂಬರು ಹೇಳಿದರೆ ಸಾಕು ಎಂಬ ಹಳೆಯ ಪದ್ಧತಿಯಿಂದಲೇ ಕಳ್ಳವೋಟು ಎಂದು ಒಂದು ಪಕ್ಷ. ಕಾರ್ಡಿನ ನೆಪದಲ್ಲಿ ಕಾಗದಪತ್ರವಿಲ್ಲದ ಬಡವರನ್ನು ಮನೆಗೆ ಅಟ್ಟುತ್ತಾರೆ ಎಂದು ಇನ್ನೊಂದು ಪಕ್ಷ. ಎರಡು ದಿನದಲ್ಲಿ ಟೀಚರಮ್ಮನ ಮುಖ ಬೀದಿ ಬೀದಿಯ ಗೋಡೆಗಳ ಮೇಲೆ ಬಂತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರು ಒಂದು ಕಡೆ, ಊರಲ್ಲಿ ಎತ್ತೇ ಇಲ್ಲ ಎನ್ನುವವರು ಇನ್ನೊಂದು ಕಡೆ. ಊಟ ಮಾಡಿದಿರಾ ಟೀಚರಮ್ಮ ಎಂದು ಕೇಳಿದವರು ಯಾರೂ ಇರಲಿಲ್ಲ.

ಮಂಗಳವಾರ ಮನೆಯ ಪಂಚನಾಮೆ ನಡೆಯಿತು. ಮುಂದಿನ ಕೋಣೆ, ಮಲಗುವ ಕೋಣೆ, ಅಡುಗೆಮನೆ, ಹಿತ್ತಿಲು. ಅಡುಗೆಮನೆಯ ಡಬ್ಬಿಗಳ ಮೇಲೆಲ್ಲ ಚೀಟಿ ಅಂಟಿಸಿತ್ತು. ಉಪ್ಪು, ಸಕ್ಕರೆ. ಒಲೆಯ ಮೇಲಿನ ಗೋಡೆಗೆ, ಗ್ಯಾಸ್ ಆರಿಸು. ಬಚ್ಚಲಿನ ಬಾಗಿಲಿಗೆ, ಬಚ್ಚಲು. ಮೇಷ್ಟರ ಮನೆ ಎಂದರೆ ಹೀಗೇ ಇರುತ್ತದೆ ಎಂದುಕೊಂಡರು ಇನ್‌ಸ್ಪೆಕ್ಟರ್. ಅಕ್ಷರ ಔಷಧಿ ಶೀಶೆಯ ಮೇಲಿನಂತೆ ಗೀಚಿದ್ದಾಗಿತ್ತು, ಟೀಚರಮ್ಮನ ಗುಂಡು ಅಕ್ಷರವಲ್ಲ. ಅದನ್ನು ಅವರು ಆಗ ಗಮನಿಸಲಿಲ್ಲ.

ಗಂಡನ ಹೇಳಿಕೆ ಚಿಕ್ಕದು. ಬೆಳಗ್ಗೆ ನಾನೊಬ್ಬನೇ ಹೋಗಿ ವೋಟು ಹಾಕಿ ಬಂದೆ, ಹೆಂಡತಿಗೆ ತಲೆನೋವಿತ್ತು. ಅಡುಗೆಯಾಕೆ ಅಂದು ಬೆಳಗ್ಗೆ ಹೇಳದೆ ಕೇಳದೆ ಕೆಲಸ ತಪ್ಪಿಸಿದ್ದಳು, ಅದಕ್ಕೇ ತರಕಾರಿ ಹೆಂಡತಿಯೇ ಹೆಚ್ಚಬೇಕಾಯಿತು.

ಆ ಕೊನೆಯ ಸಾಲಿಗೆ ಎಲ್ಲರೂ ಜೋತುಬಿದ್ದರು. ಅಡುಗೆಯಾಕೆಗೆ ಅರವತ್ತು ದಾಟಿತ್ತು, ಟೀಚರಮ್ಮನಷ್ಟೇ ಎತ್ತರ, ಮನೆ ನಂಬರು ಬಲ್ಲವಳು. ಇನ್‌ಸ್ಪೆಕ್ಟರ್ ಅವಳನ್ನು ಕರೆಸಿದರು.

"ವೋಟಿನ ದಿನ ಬೆಳಗ್ಗೆ ಎಲ್ಲಿದ್ರಿ?"

"ಮನೇಲಿ ಸಾರ್. ಯಜಮಾನ್ರೇ ಮಧ್ಯಾಹ್ನದ ಮೇಲೆ ಬಾ ಅಂದಿದ್ರು."

"ಅವರು ಹಾಗೆ ಹೇಳಿಲ್ವಲ್ಲ."

"ಹಾಗಾದ್ರೆ ನಂಗೇ ಮರೆತಿರ್ಬೇಕು."

"ನಿಮ್ಮ ವೋಟು ಹಾಕಿದ್ರಾ?"

"ನನ್ನ ಹೆಸರು ಎಲ್ಲೂ ಇಲ್ಲ ಸಾರ್. ಹುಟ್ಟಿದ್ದು ಯಾವತ್ತು, ಕಾಗದ ತಾ ಅಂದ್ರು. ಹುಟ್ಟುವಾಗ ನಾನು ಕಾಗದ ಕೇಳ್ಲಿಲ್ಲ."

"ಟೀಚರಮ್ಮ ಬೆರಳು ಕುಯ್ಕೊಂಡಿದ್ದು ನೋಡಿದ್ರಾ?"

"ಇಲ್ಲ. ಅವರ ಕೈಗೆ ಚಾಕು ಕೊಡೋದು ಬಿಟ್ಟು ಒಂದು ವರ್ಷ ಆಯ್ತು."

"ಯಾಕೆ?"

"ಸುಮ್ನೆ. ವಯಸ್ಸಾಯ್ತಲ್ಲ." ಮತ್ತೆ ಎಷ್ಟು ಕೇಳಿದರೂ ಅವಳು ಬಾಯಿ ಬಿಡಲಿಲ್ಲ.

ಅವಳ ಹತ್ತು ಬೆರಳಲ್ಲೂ ಶಾಯಿಯ ಸುಳಿವಿರಲಿಲ್ಲ. ಮೇಲಧಿಕಾರಿಗೆ ಫೋನಿನಲ್ಲಿ ಅದನ್ನು ಹೇಳಿದಾಗ ಅವರು ನಕ್ಕರು. "ಪಾತ್ರೆ ತಿಕ್ಕೋ ಕೈ ಕಣ್ರೀ, ಯಾವ ಬಣ್ಣ ನಿಲ್ಲುತ್ತೆ? ಬರೋ ಬುಧವಾರ ಮಸೂದೆ ಮತಕ್ಕೆ ಬರ್ತಿದೆ. ಮಂಗಳವಾರ ಸಂಜೆಯೊಳಗೆ ಅವಳು ಒಳಗಿರ್ಬೇಕು."

ಅಡುಗೆಯಾಕೆ ದಿನವೂ ಠಾಣೆಗೆ ಬಂದು ಬೆಂಚಿನ ತುದಿಯಲ್ಲಿ ಕೂತು ಹೋಗತೊಡಗಿದಳು. ಅವಳು ಕೆಲಸಕ್ಕೆ ಹೋಗುತ್ತಿದ್ದ ಬೇರೆ ಮನೆಗಳವರು ಅವಳನ್ನು ಕೆಲಸದಿಂದ ಬಿಡಿಸಿದರು. ಕಳ್ಳಿ ಎಂಬ ಹೆಸರು ಅಂಟುವುದಕ್ಕೆ ನ್ಯಾಯಾಲಯದ ತೀರ್ಪು ಬೇಕಾಗಿರಲಿಲ್ಲ.

ಮುಂದಿನ ಸೋಮವಾರ ಬೆಳಗ್ಗೆ, ಮತಗಟ್ಟೆಯಲ್ಲಿ ಬೆಳಗಿನ ಸರದಿ ಶಾಯಿ ಹಾಕಿದ್ದ ಸಿಬ್ಬಂದಿ ಸಿಕ್ಕ. ಬ್ಯಾಂಕಿನ ಗುಮಾಸ್ತ, ಚುನಾವಣೆ ಮುಗಿದೊಡನೆ ರಜೆ ಹಾಕಿ ಹೋಗಿದ್ದವನು.

"ಮುಖ ನೆನಪಿಲ್ಲ ಸಾರ್. ಶಾಲು ಹೊದ್ದಿದ್ರು, ರಶ್ಶು ಬೇರೆ. ಆದ್ರೆ ಬೆಳಗ್ಗೆ ಒಬ್ಬ ಹೆಂಗಸು ನನಗೇ ಪಾಠ ಮಾಡಿದ್ರು."

"ಏನಂತ?"

"ಚುಕ್ಕೆ ಇಡಬೇಡಿ, ಗೆರೆ ಎಳೀರಿ. ಉಗುರಿಗೂ ಚರ್ಮಕ್ಕೂ ಎರಡಕ್ಕೂ ತಾಗಬೇಕು ಅಂತ. ಕೈ ಹಿಡಿದು ಎಳೆಸಿದ್ರು."

ಇನ್‌ಸ್ಪೆಕ್ಟರ್‌ಗೆ ಮತಗಟ್ಟೆಯ ಒತ್ತು ನೆನಪಾಯಿತು. ಪಾತ್ರೆ ತಿಕ್ಕುವವಳು ಹೇಳುವ ಮಾತಲ್ಲ ಅದು. ಆದರೂ ಅವರ ತಲೆಯಲ್ಲಿದ್ದದ್ದು ಇನ್ನೂ ಮೊಹರು ಹಾಕಿದ ಮತದಾರರ ಪಟ್ಟಿಯೇ. ಆ ಹೆಸರಿನ ಮೇಲೆ ಗೆರೆ ಬಿದ್ದ ಹೊತ್ತು ಯಾವುದು, ಹಿಂದೆ ಮುಂದೆ ಯಾರಿದ್ದರು ಎಂದು ನೋಡಬೇಕಿತ್ತು.

ಮಧ್ಯಾಹ್ನ ಮೂರಕ್ಕೆ ಅವರು ಹೆಡ್ ಕಾನ್‌ಸ್ಟೇಬಲ್ ಜೊತೆ ಟೀಚರಮ್ಮನ ಮನೆಗೆ ಹೋದರು. ಟೀಚರಮ್ಮ ಒಳಗೆ ಮಲಗಿದ್ದರು. ಕಾಂಪೌಂಡರ್ ಎರಡು ಲೋಟದಲ್ಲಿ ನೀರು ತಂದರು.

"ಏನಿಲ್ಲ ಯಜಮಾನ್ರೇ. ಪಟ್ಟಿ ಬಿಚ್ಚಿ ನೋಡೋದೊಂದು ಬಾಕಿ ಇದೆ. ನಾಳೆ ಅನುಮತಿ ಸಿಗುತ್ತೆ."

ಲೋಟ ಕಾಂಪೌಂಡರ ಕೈಯಿಂದ ಜಾರಿ ಬಿತ್ತು.

"ಬೇಡ ಸಾರ್. ಗಾಯ ಇನ್ನೂ ಹಸಿ ಇದೆ."

ನೀರು ಹೆಡ್ ಕಾನ್‌ಸ್ಟೇಬಲ್‌ನ ಬೂಟಿನ ತನಕ ಹರಿಯಿತು. ಇನ್‌ಸ್ಪೆಕ್ಟರ್ ಹೇಳಿದ್ದು ಮತದಾರರ ಪಟ್ಟಿ. ಮುದುಕ ಕೇಳಿಸಿಕೊಂಡದ್ದು ಬೇರೆ ಪಟ್ಟಿ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎನ್ನುತ್ತಾರೆ. ಈ ಹುಣ್ಣು ಎಂಟು ದಿನದಿಂದ ಕಣ್ಣೆದುರೇ ಇತ್ತು, ಅಷ್ಟು ದಿನವೂ ಪಟ್ಟಿ ಹೊಚ್ಚ ಹೊಸದಾಗಿತ್ತು.

"ಗಾಯ ಇದೆಯಾ ಯಜಮಾನ್ರೇ?"

ಕಾಂಪೌಂಡರ್ ಅವರನ್ನು ಹಿತ್ತಿಲಿಗೆ ಕರೆದುಕೊಂಡು ಹೋದರು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತರು.

"ಅವಳಿಗೆ ಮರೆವು ಶುರುವಾಗಿ ಎರಡು ವರ್ಷ ಆಯ್ತು ಸಾರ್. ಅವಳಮ್ಮನಿಗೂ ಹೀಗೇ ಬಂದಿತ್ತು. ಕೊನೆಗೆ ಮಗಳ ಗುರುತೂ ಹೋಯ್ತು. 'ನನಗೆ ಹಾಗಾದ್ರೆ ನನಗೆ ಮಾತ್ರ ಹೇಳ್ಬೇಡಿ' ಅಂತ ನನ್ನ ಕೈ ಹಿಡ್ಕೊಂಡು ಮಾತು ತಗೊಂಡ್ಲು."

"ಆವತ್ತು ಏನಾಯ್ತು?"

"ಬೆಳಗ್ಗೆ ಇಬ್ರೂ ಹೋಗಿ ವೋಟು ಹಾಕಿದ್ವಿ. ಬಂದು ಊಟ ಮಾಡಿ ಮಲಗಿದ್ಲು. ಎದ್ದು ತಲೆ ಬಾಚ್ಕೊಂಡು, 'ನಡೀರಿ ವೋಟಿಗೆ' ಅಂದ್ಲು. ಬೆರಳು ನೋಡಿ, 'ಇದೇನು ಕಪ್ಪು' ಅಂದ್ಲು. ಕುಯ್ಕೊಂಡಿದ್ದೀಯ, ಔಷಧಿ ಹಚ್ಚಿದ್ದೀನಿ ಅಂತ ಪಟ್ಟಿ ಸುತ್ತಿದೆ. ಅಲ್ಲಿ ಇಲ್ಲ ಅಂತಾರೆ, ಏನೋ ಹೇಳಿ ಕರ್ಕೊಂಡು ಬಂದ್ರಾಯ್ತು ಅಂದ್ಕೊಂಡೆ. ಅವಳು ದೂರು ಕೊಟ್ಟೇ ತೀರ್ತೀನಿ ಅಂದ್ಲು."

"ಆ ಅಡುಗೆಯಾಕೆಗೆ ನೀವೇ ರಜೆ ಕೊಟ್ಟಿದ್ರಿ. ಅವಳ ಮೇಲೆ ಸುಳ್ಳು ಹೇಳಿದ್ರಿ. ನಾಳೆ ಅವಳು ಜೈಲಿಗೆ ಹೋಗ್ತಿದ್ಲು."

"ದಿನಾ ನಾಳೆ ಹೇಳೋಣ ಅಂದ್ಕೊಳ್ತಿದ್ದೆ. ಬೆಳಗಾದ್ರೆ ಮತ್ತೆ ಪಟ್ಟಿ ಸುತ್ತುತ್ತಿದ್ದೆ." ಕಾಂಪೌಂಡರ್ ತಲೆ ಎತ್ತಲಿಲ್ಲ. "ಕಳ್ಳ ನಾನೇ ಅಂತ ಬರ್ಕೊಳ್ಳಿ ಸಾರ್. ಏನು ಬೇಕಾದ್ರೂ ಬರ್ಕೊಳ್ಳಿ. ಅವಳಿಗೆ ಮಾತ್ರ ಗೊತ್ತಾಗ್ಬಾರ್ದು."

ಇನ್‌ಸ್ಪೆಕ್ಟರ್‌ಗೆ ಕೋಪವೂ ಬಂತು, ದುಃಖವೂ ಬಂತು. ಯಾವುದನ್ನು ಮುಂದೆ ಬಿಡಬೇಕೆಂದು ತಿಳಿಯುವ ಮೊದಲೇ ಹಿತ್ತಿಲ ಬಾಗಿಲಲ್ಲಿ ಟೀಚರಮ್ಮ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಅವರು ಏನೂ ಕೇಳದೆ ಪಟ್ಟಿಯ ತುದಿ ಹುಡುಕಿ ಬಿಚ್ಚತೊಡಗಿದರು. ಗಂಡ ಎದ್ದು ಕೈ ಚಾಚಿದವರು ಅಲ್ಲೇ ನಿಂತುಬಿಟ್ಟರು.

ಗಾಯವಿರಲಿಲ್ಲ. ಉಗುರಿನಿಂದ ಚರ್ಮದವರೆಗೆ ನೇರವಾದ ಒಂದು ಕಪ್ಪು ಗೆರೆಯಿತ್ತು.

ಟೀಚರಮ್ಮ ಬೆರಳನ್ನು ಬೆಳಕಿಗೆ ಹಿಡಿದು ನೋಡಿದರು. "ಗೆರೆ ಸರಿಯಾಗಿ ಎಳೆದಿದ್ದಾರೆ. ಉಗುರಿಗೂ ಚರ್ಮಕ್ಕೂ ತಾಗಿದೆ." ಆಮೇಲೆ ಮೆಲ್ಲಗೆ ಹೇಳಿದರು, "ನಾನೇ ಹೇಳಿಕೊಟ್ಟಿರ್ತೀನಿ."

"ಎಷ್ಟು ದಿನದಿಂದ ರೀ?" ಎಂದು ಗಂಡನನ್ನು ಕೇಳಿದರು.

"ಎರಡು ವರ್ಷ."

"ಎರಡು ವರ್ಷ ಒಬ್ರೇ ಇಟ್ಕೊಂಡಿದ್ರಾ?" ಎಂದರು. ಗಂಡ ಅಳುತ್ತಿದ್ದರು. ಟೀಚರಮ್ಮ ಇನ್‌ಸ್ಪೆಕ್ಟರ್ ಕಡೆ ತಿರುಗಿದರು. "ಅಡುಗೆಯವಳನ್ನ ಮೊದಲು ಬಿಟ್ಟುಬಿಡಿ. ಒಂದು ಕಾಗದ ಕೊಡಿ. ಮರೆಯೋದರೊಳಗೆ ಬರೀಬೇಕು."

ದೂರು ಹಿಂಪಡೆಯುವ ಪತ್ರವನ್ನು ಅವರೇ ಬರೆದರು. ಗುಂಡು ಅಕ್ಷರ, ಒಂದು ಒತ್ತೂ ತಪ್ಪಿರಲಿಲ್ಲ. ಮಹಿಳಾ ಕಾನ್‌ಸ್ಟೇಬಲ್ ಮತ್ತು ಇಬ್ಬರು ಪಂಚರ ಸಮಕ್ಷಮ ಬೆರಳಿನ ಪಂಚನಾಮೆ ಆಯಿತು. ಸಂಜೆ ಐದೂವರೆಗೆ, ಸುಳ್ಳು ಹೇಳಿಕೆ ಕೊಟ್ಟ ಮತ್ತು ಸಾಕ್ಷ್ಯ ಮುಚ್ಚಿಟ್ಟ ಆರೋಪದ ಮೇಲೆ ಕಾಂಪೌಂಡರನ್ನು ಬಂಧಿಸಿದರು. ಕೃತ್ಯದ ಉದ್ದೇಶ ಎಂಬ ಕಡೆ ಇನ್‌ಸ್ಪೆಕ್ಟರ್ ಬಹಳ ಹೊತ್ತು ಪೆನ್ನು ಹಿಡಿದು ಕೂತು, ಹೆಂಡತಿಗೆ ಕೊಟ್ಟ ಮಾತು ಎಂದು ಬರೆದರು.

ಬುಧವಾರ ಮಸೂದೆ ಪಾಸಾಯಿತು. ಪರವಾಗಿ ಮಾತಾಡಿದವರೂ ವಿರೋಧಿಸಿದವರೂ ಟೀಚರಮ್ಮನ ಹೆಸರೆತ್ತಲಿಲ್ಲ, ಗೋಡೆಯ ಮೇಲಿನ ಮುಖವನ್ನು ಕಿತ್ತು ತೆಗೆಯುವ ಗೋಜಿಗೂ ಹೋಗಲಿಲ್ಲ. ಅದು ಬುಧವಾರದ ಮಾತು.

ಬಂಧನವಾದ ಸೋಮವಾರವೇ ಸಂಜೆ ಏಳಕ್ಕೆ, ಕಾಂಪೌಂಡರ ರಕ್ತದೊತ್ತಡದ ಮಾತ್ರೆ ತರಲು ಇನ್‌ಸ್ಪೆಕ್ಟರ್ ತಾವೇ ಆ ಮನೆಗೆ ಹೋದರು. ಠಾಣೆಯ ಬೆಂಚಿನಿಂದ ಬಿಡುಗಡೆಯಾದ ಅಡುಗೆಯಾಕೆ ನೇರ ಅಲ್ಲಿಗೇ ಬಂದಿದ್ದಳು. ಟೀಚರಮ್ಮ ಊಟದ ತಟ್ಟೆಯ ಮುಂದೆ ಕೂತಿದ್ದರು.

"ಬನ್ನಿ, ಇವರನ್ನ ನೋಡೋಕೆ ಬಂದ್ರಾ? ಇನ್ನೂ ಬಂದಿಲ್ಲ ನೋಡಿ. ಎಲ್ಲಿಗೆ ಹೋದ್ರೇ ಇವರು?"

"ಅಂಗಡಿಗೆ ಹೋಗಿದ್ದಾರಮ್ಮ. ಬರ್ತಾರೆ, ಉಣ್ಣಿ," ಎಂದಳು ಅಡುಗೆಯಾಕೆ.

ಟೀಚರಮ್ಮ ತುತ್ತಿಗೆ ಕೈ ಹಾಕುವ ಮೊದಲು ಎಡಗೈ ನೋಡಿಕೊಂಡರು. ಹುಬ್ಬು ಗಂಟಿಕ್ಕಿತು.

"ಇದೇನಿದು ಕಪ್ಪು?"

ಅಡುಗೆಯಾಕೆ ಇನ್‌ಸ್ಪೆಕ್ಟರ್ ಮುಖ ನೋಡಿದಳು. ಅವರು ಮಾತ್ರೆಯ ಡಬ್ಬಿಯನ್ನು ಜೇಬಿಗೆ ಹಾಕಿಕೊಂಡು ಗೋಡೆಯ ಕಡೆ ತಿರುಗಿದರು. ಅವಳು ಕಪಾಟಿನಿಂದ ಪಟ್ಟಿಯ ಸುರುಳಿ ತೆಗೆದು ಟೀಚರಮ್ಮನ ಪಕ್ಕದಲ್ಲಿ ಕೂತಳು.

"ಕುಯ್ಕೊಂಡಿದ್ದೀರಲ್ಲಮ್ಮ. ಕೊಡಿ ಇಲ್ಲಿ," ಎನ್ನುತ್ತಾ ಸುತ್ತತೊಡಗಿದಳು. ಕೈ ಪಳಗಿರಲಿಲ್ಲ, ಪಟ್ಟಿ ಎರಡು ಸಲ ಜಾರಿತು.