ಕುಡಿ ಸುಡುವ ಔಷಧಿ

ಆಗಸ್ಟ್ ಹನ್ನೆರಡರ ಬೆಳಿಗ್ಗೆ ಮಳವಳ್ಳಿ ಸೀಮೆಯ ಠಾಣೆಗೆ ಬಂದ ಚಿಕ್ಕಣ್ಣ ದೂರಿನ ಜೊತೆ ತೀರ್ಪನ್ನೂ ತಂದಿದ್ದ.

"ಒಗೆಸೊಪ್ಪು ಮುಕ್ಕಾಲುಪಾಲು ಸುಟ್ಟೋಯ್ತು ಮೇಡಂ. ಪಕ್ಕದೊಲದ ಮರಿಸಿದ್ದಯ್ಯ ಕಳೆ ಔಷಧಿ ಒಡ್ದವ್ನೆ. ಬದುವಿನ ಜಗಳ. ಒಳೀಕ್ ಆಕಿ ಅವನ್ನ."

"ನೀವು ನೋಡಿದ್ರಾ?" ಪಿಎಸ್‌ಐ ಅರ್ಪಿತ ಕೇಳಿದಳು.

"ನೋಡೋದೇನ್ ಬಂತು? ಅವ್ನ ಮಕದಲ್ಲೇ ಗೊತ್ತಾಯ್ತದೆ."

ಮುಖವನ್ನು ಸಾಕ್ಷ್ಯವೆನ್ನುವ ಕಲಂ ಇಲ್ಲದ್ದರಿಂದ ಎಫ್‌ಐಆರ್ ಅಪರಿಚಿತರ ಮೇಲೆ ದಾಖಲಾಯಿತು.

ಹನ್ನೊಂದಕ್ಕೆ ಸ್ಥಳ ಪಂಚನಾಮೆ. ಹೂವಿನ ತಲೆ ಚಿವುಟಿದರೆ ಹೊಗೆಸೊಪ್ಪಿನ ಗಿಡ ಹಟಕ್ಕೆ ಬಿದ್ದು ಎಲೆಗಳ ಕಂಕುಳಲ್ಲಿ ಕುಡಿ ಬಿಡುತ್ತದೆ. ಅದನ್ನು ಸುಡಲು ಮುಚ್ಚಳಕ್ಕೆ ತೂತು ಮಾಡಿದ ಬಾಟಲಿಯಿಂದ ಪ್ರತಿ ಗಿಡದ ನೆತ್ತಿಗೂ ಔಷಧಿ ಬಿಡುತ್ತಾರೆ. ಅದು ಕಾಂಡದುದ್ದಕ್ಕೂ ಇಳಿಯುತ್ತದೆ. ಇಲ್ಲಿ ಗಿಡವೇ ನೆತ್ತಿಯಿಂದ ಬುಡದವರೆಗೆ ಕರಿಕಾಗಿತ್ತು. ಸಾಲುಗಳ ನಡುವಿನ ಗರಿಕೆ ಮಾತ್ರ ಹಸಿರಾಗಿತ್ತು. ಮರಿಸಿದ್ದಯ್ಯನ ಬದುವಿಗೆ ಹತ್ತಿರದ ಸಾಲುಗಳೇ ಚೆನ್ನಾಗಿದ್ದವು.

"ಪಂಪಿನಲ್ಲಿ ಹೊಡೆದಿದ್ರೆ ಗರಿಕೆ ಉಳೀತಿತ್ತಾ ಸುಹೇಲ್?"

"ಮೊದ್ಲು ಅದೇ ಸಾಯ್ತಿತ್ತು ಮೇಡಂ," ಎಂದ ಕಾನ್‌ಸ್ಟೆಬಲ್. "ಇದು ಗಿಡಗಿಡಕ್ಕೂ ಬಿಟ್ಟಿರೋದು."

"ಕುಡಿ ಔಷಧಿ ಬಿಟ್ಟಿದ್ದು ಯಾರು ಚಿಕ್ಕಣ್ಣ?"

"ನಮ್ಮಾಳು ಮಂಚಮ್ಮ, ಅವ್ಳ ಮಗಳು ಗಗನ. ಬದುವಿನ ಕಡೆ ಮುಗಿಯೋದ್ರೊಳ್ಗೆ ಮಗಳು ಕೈ ಬೆಂದೋಯ್ತು ಅಂತ ಕೂತ್ಲು. ಉಳುದಿದ್ದೆಲ್ಲ ಮಂಚಮ್ಮ ಒಬ್ಳೇ ಬುಟ್ಲು. ಅಂಥ ಆಳು ಸಿಕ್ಕಕಿಲ್ಲ ಬುಡಿ."

"ಕುಡಿ ಔಷಧಿ ಡಬ್ಬದ ಮೇಲೆ ಕೈಗವಸಿನ ಚಿತ್ರ ಇದೆಯಲ್ಲ?"

"ಚಿತ್ರ ಬೀಡಿ ಕಟ್ಟಿನ ಮೇಲೂ ಅದೆ ಮೇಡಂ. ಯಾರ್ ಬುಟ್ಟವ್ರೆ?"

ಪಂಪ್‌ಹೌಸಿನಲ್ಲಿ ಚಿಕ್ಕಣ್ಣನದೇ ಕಳೆ ಔಷಧಿಯ ಕ್ಯಾನು ಬರಿದಾಗಿತ್ತು. ಮಂಚಮ್ಮ ತನ್ನ ಮನೆಯ ಜಗಲಿಯಲ್ಲೇ ಕೂತಿದ್ದಳು.

"ಬಾಟಲಿಗೆ ಕಳೆ ಔಷಧಿ ತುಂಬಿದ್ದು ನೀನೇನಮ್ಮ?"

"ಊ ಕಣವ್ವ. ಮರಿಸಿದ್ದಯ್ಯನ್ನ ಬುಟ್ಬುಡಿ, ಪಾಪ."

"ಯಾಕೆ ಮಾಡಿದೆ?"

ಮಂಚಮ್ಮ ಒಳಗೆ ಕೈ ತೋರಿಸಿದಳು. ಗಗನಳ ಎರಡೂ ಅಂಗೈ ತುಂಬ ಬೊಬ್ಬೆ. ಪಕ್ಕದಲ್ಲಿ ಚಾಪೆಯ ಮೇಲೆ ಅವಳ ಕೂಸು ಅಳುತ್ತಿತ್ತು. ಗಗನ ಎತ್ತಿಕೊಳ್ಳಲಾಗದೆ ಮೊಣಕೈಯಿಂದ ತಟ್ಟುತ್ತಿದ್ದಳು.

"ಗ್ಲೌಸು ಕೇಳ್ದೆ. ಆಳ್ಗೆಲ್ಲ ಬಳೆ ತೊಡ್ಸಂಗೆ ತೊಡ್ಸಕ್ಕಾಯ್ತದಾ ಅಂದ. ಆಸ್ಪತ್ರೆಗೆ ಕಾರು ಕೇಳ್ದೆ. ಸೀಟು ಗಲೀಜಾಯ್ತದೆ ಅಂದ."

"ಉಂಡ ಮನೆಗೇ ಎರಡು ಬಗೀತೀಯಲ್ಲೇ!" ಹಿಂದಿನಿಂದ ಚಿಕ್ಕಣ್ಣ ಕೂಗಿದ.

"ಗೇದು ಉಂಡಿದ್ದು ಕಣಣ್ಣ," ಎಂದಳು ಮಂಚಮ್ಮ.

ನಾಲ್ಕು ಗಂಟೆಗೆ ಮಂಚಮ್ಮನ ಬಂಧನ. ಮೆಮೊ ಮೇಲೆ ಅವಳು ಹೆಬ್ಬೆಟ್ಟೊತ್ತಿದಳು. ಕುಡಿ ಔಷಧಿಗೆ ಚರ್ಮ ಸುಲಿದ ಬೆರಳು. ಒಂದು ಗೆರೆಯೂ ಮೂಡದೆ ಬರೀ ಮಸಿ ಮೆತ್ತಿಕೊಂಡಿತು.

"ಇನ್ನೊಂದ್ಸಲ ಒತ್ಲಾ ತಾಯಿ?"

"ಬೇಡಮ್ಮ," ಎಂದಳು ಅರ್ಪಿತ. ಗುರುತು ಯಾಕೆ ಮೂಡಲಿಲ್ಲವೆಂಬುದನ್ನು ಚಿಕ್ಕಣ್ಣನ ಹೆಸರು ಸಮೇತ ಪಕ್ಕದಲ್ಲೇ ಬರೆದು ಸಹಿ ಹಾಕಿದಳು.