ಗೋಡೆಗೆ ಒತ್ತಿ ನೆಟ್ಟ ಅತ್ತಿಮರ

ಬಹಳ ಬಹಳ ಕಾಲದ ಹಿಂದೆ, ಸೂರ್ಯ ತಡವಾಗಿ ಹುಟ್ಟಿ ಬೇಗ ಮುಳುಗುವ ಮಬ್ಬುಗಿರಿ ಎಂಬ ರಾಜ್ಯವಿತ್ತು. ಅಲ್ಲೊಬ್ಬ ಅರಸನಿದ್ದ, ಆದರೆ ಆಳುತ್ತಿದ್ದವನು ಶಿಲಾಮುಖನೆಂಬ ಮಾಂತ್ರಿಕ. ಮಾತು ಮೀರಿದವರನ್ನು ಅವನು ಕೊಲ್ಲುತ್ತಿರಲಿಲ್ಲ. ಅವರದೇ ಮನೆಯ ಗೋಡೆಯೊಳಗೆ ಸೇರಿಸಿಬಿಡುತ್ತಿದ್ದ. ಗೋಡೆಯೊಳಗಿದ್ದವರು ಸಾಯುತ್ತಿರಲಿಲ್ಲ, ಅವರಿಗೆ ವಯಸ್ಸೂ ಆಗುತ್ತಿರಲಿಲ್ಲ. ಅವರು ಬದುಕಬೇಕಾಗಿದ್ದ ದಿನಗಳನ್ನೆಲ್ಲ ಮಾಂತ್ರಿಕ ತಾನು ಬದುಕುತ್ತಿದ್ದ. ಮುನ್ನೂರು ವರ್ಷ ದಾಟಿದರೂ ಅವನ ಮೀಸೆ ಕಪ್ಪಾಗಿಯೇ ಇತ್ತು.

ಅರಮನೆಯಿದ್ದ ಊರಿನಲ್ಲಿ ಬೊಪ್ಪಣ್ಣನೆಂಬ ಗೋಡೆ ಕಟ್ಟುವವನಿದ್ದ. ತಂದೆತಾಯಿ ಇರಲಿಲ್ಲ. ಹದಿನೇಳು ವರ್ಷದ ತಂಗಿ ನಾಗಲೆ ಒಬ್ಬಳೇ ಅವನಿಗಿದ್ದ ಬಳಗ. ಒಂದು ದಿನ ಮಾಂತ್ರಿಕ ಅವನನ್ನು ಕರೆಸಿ, "ನನಗೊಂದು ಕೋಟೆ ಕಟ್ಟು. ಪಾಯದಲ್ಲಿ ಒಂದು ಹಸುಗೂಸನ್ನಿಟ್ಟು ಕಟ್ಟು" ಎಂದ.

"ಅದು ನನ್ನ ಕೈಲಾಗದು, ಸ್ವಾಮಿ" ಎಂದ ಬೊಪ್ಪಣ್ಣ.

ಅಂದು ಸಂಜೆಗೆ ಅವನು ತನ್ನ ಮನೆಯ ಪಡುವಣ ಗೋಡೆಯೊಳಗಿದ್ದ.

ನಾಗಲೆ ಹಾರೆ ಎತ್ತಿದಳು. ಗೋಡೆಗೆ ತಾಗುತ್ತಲೇ ಹಾರೆ ಮೇಣದ ಹಾಗೆ ಕರಗಿಹೋಯಿತು. ಕಿವಿಯಿಟ್ಟರೆ ಅಣ್ಣನ ದನಿ ಮಾತ್ರ ಸಣ್ಣಗೆ ಕೇಳುತ್ತಿತ್ತು. "ಅಳಬೇಡ ನಾಗಲೆ. ಉಣ್ಣು, ಹೋಗು."

ಊರಾಚೆ ಒಂದು ಪಾಳು ಗುಡಿಯಿತ್ತು. ಸೌದೆಗೆ ಹೋದ ನಾಗಲೆ ಒಮ್ಮೆ ಅದರ ಕಲ್ಲುಗೋಡೆಯನ್ನು ನೋಡಿದಳು. ಅತ್ತಿಮರದ ಬೇರು ಆ ಗೋಡೆಯನ್ನು ನಡುವೆ ಸೀಳಿತ್ತು. ಅವಳು ಒಂದು ಸಣ್ಣ ಅತ್ತಿಗಿಡವನ್ನು ಬೇರುಸಮೇತ ಕಿತ್ತು ತಂದು, ಪಡುವಣ ಗೋಡೆಯಿಂದ ಒಂದು ಗೇಣು ದೂರದಲ್ಲಿ ಗುಂಡಿ ತೋಡಿದಳು.

ನೆರೆಮನೆಯ ಕೆಂಚಜ್ಜಿ ಓಡಿಬಂದಳು. "ಗೋಡೆಗೆ ಒತ್ತಿ ಯಾರಾದರೂ ಅತ್ತಿ ನೆಡ್ತಾರೇನೇ? ಮನೆ ಬೀಳುತ್ತಲ್ಲೇ!"

"ಬೀಳಲಿ ಅಂತಲೇ ನೆಡ್ತಿದ್ದೀನಿ, ಅಜ್ಜಿ."

ಸುದ್ದಿ ಮಾಂತ್ರಿಕನಿಗೆ ಮುಟ್ಟಿತು. ಅವನು ತಾಮ್ರದ ಕೊಂಬಿನ ಮೇಕೆಯೊಂದನ್ನು ಕಳಿಸಿದ. ಅದು ಗಿಡದ ಸುತ್ತಲಿನ ಮುಳ್ಳುಬೇಲಿ ತಿಂದಿತು, ಬೇಲಿಯ ಗೂಟವನ್ನೂ ತಿಂದಿತು. ನಾಗಲೆ ತನ್ನ ಮಾರುದ್ದದ ಜಡೆಯನ್ನು ಕತ್ತರಿಸಿ ಗಿಡಕ್ಕೆ ಸುತ್ತಿದಳು. ಕೂದಲು ಗಂಟಲಿಗೆ ಸಿಕ್ಕಿ ಮೇಕೆ ಸತ್ತುಬಿತ್ತು. ಅವಳ ಜಡೆ ಮತ್ತೆ ಬೆಳೆಯಲೇ ಇಲ್ಲ.

ಮಾಂತ್ರಿಕ ಎರಡನೆಯ ಸಲ ಒಂದು ಬೂದುಬಣ್ಣದ ಹಾವನ್ನು ಕಳಿಸಿದ. ಅದು ಕೆರೆಗೆ ಬಾಯಿಟ್ಟು ನೀರೆಲ್ಲ ಕುಡಿಯಿತು. ಬಾವಿಗಳೂ ಬತ್ತಿದವು. ನಾಗಲೆ ದಿನವೂ ಬೆಟ್ಟದ ಝರಿಗೆ ನಡೆದಳು. ತಾನು ಒಂದು ಬೊಗಸೆ ಕುಡಿದು, ಕೊಡದ ನೀರನ್ನು ಗಿಡಕ್ಕೆ ಹೊಯ್ದಳು. ಹೀಗೆ ಏಳು ವರ್ಷ. ಕೊನೆಗೆ ಕುಡಿದ ನೀರು ತಾಳಲಾರದೆ ಹಾವು ಒಡೆಯಿತು, ಕೆರೆ ತುಂಬಿತು. ಅವಳ ಬಾಗಿದ ಬೆನ್ನು ಮಾತ್ರ ನೆಟ್ಟಗಾಗಲಿಲ್ಲ.

ಇಪ್ಪತ್ತನೆಯ ವರ್ಷ ಮರ ಹಣ್ಣು ಬಿಟ್ಟಿತು. ಹಣ್ಣು ಬಿಟ್ಟ ಮರಕ್ಕಾಗಲಿ, ಅದನ್ನು ನೆಟ್ಟವರಿಗಾಗಲಿ ಮಂತ್ರ ತಾಗುವುದಿಲ್ಲ. ಈ ಸಲ ಮಾಂತ್ರಿಕ ತಾನೇ ಬಂದ. ಅವನ ಕೈಯಲ್ಲಿ ಕೊಡಲಿಯಿತ್ತು.

"ತಗೋ ನಾಗಲೆ, ನೆಟ್ಟ ಕೈಯೇ ಕಡಿಯಬೇಕು. ಬೇರು ನಿನ್ನ ಅಣ್ಣನ ಮೈಯನ್ನೇ ತೂರಿಕೊಂಡು ಹೋಗುತ್ತಿದೆ. ಈಗ ಕಡಿದರೆ, ಈಗಲೇ ಅವನನ್ನು ಇಡಿಯಾಗಿ ಹೊರಗೆ ಕಳಿಸ್ತೀನಿ."

ನಾಗಲೆ ಕೊಡಲಿ ತೆಗೆದುಕೊಂಡಳು. ಕೊಡಲಿ ಹಿಡಿದುಕೊಂಡೇ ಗೋಡೆಗೆ ಕಿವಿಯಿಟ್ಟಳು. "ಅಣ್ಣಾ, ನೋವಾಗುತ್ತಿದೆಯಾ?"

"ಆಗುತ್ತಿದೆ."

"ಕಡಿದುಬಿಡಲಾ?"

ಬೊಪ್ಪಣ್ಣ ಹೇಳಿದ: "ಇಲ್ಲಿದ್ದರೆ ನೆಲದಡಿಯಿಂದ ಊರೆಲ್ಲ ಕೇಳಿಸುತ್ತೆ, ನಾಗಲೆ. ನಲವತ್ತು ಗೋಡೆಗಳೊಳಗೆ ನಲವತ್ತು ಜನ ಅಳ್ತಿದ್ದಾರೆ. ಎಲ್ಲ ಗೋಡೆಗೂ ಕಟ್ಟಿರೋದು ಒಂದೇ ಮಂತ್ರ. ಒಂದು ಸೀಳಿದರೆ ಎಲ್ಲವೂ ಸೀಳುತ್ತವೆ. ಅದಕ್ಕೇ ಅವನು ಬಂದಿರೋದು."

"ನೀನು ಉಳೀತೀಯಾ?"

"ಗೊತ್ತಿಲ್ಲ."

ನಾಗಲೆ ಕೊಡಲಿಯನ್ನು ಕೆರೆಗೆ ಎಸೆದಳು. ಮಾಂತ್ರಿಕ ಬರಿಗೈಯಲ್ಲಿ ಅರಮನೆಗೆ ಮರಳಿದ. ಅವಳು ಮರದ ಬುಡದಲ್ಲಿ ಕುಳಿತು, ಗೋಡೆಗೆ ಕೆನ್ನೆಯಿಟ್ಟು, ಮೂರು ಹಗಲು ಅಣ್ಣನ ನರಳಾಟ ಕೇಳಿದಳು. ಕಿವಿ ಮುಚ್ಚಿಕೊಳ್ಳಲಿಲ್ಲ.

ನಾಲ್ಕನೆಯ ಹಗಲು ಗೋಡೆ ಸೀಳಿತು. ಊರಿನ ನಲವತ್ತು ಗೋಡೆಗಳೂ ಕುಸಿದವು. ಅರಮನೆಯ ಅಂಗಳದಲ್ಲಿ ನಿಂತಿದ್ದ ಶಿಲಾಮುಖನ ಮೇಲೆ ಮುನ್ನೂರು ವರ್ಷ ಒಟ್ಟಿಗೆ ಬಿತ್ತು. ಅವನ ಮೀಸೆ ಬೆಳ್ಳಗಾಯಿತು, ಮೈ ಸುಣ್ಣದ ಪುಡಿಯಾಯಿತು, ಗಾಳಿ ಅದನ್ನು ಒಯ್ದಿತು.

ದೂಳಿನೊಳಗಿಂದ ಬೊಪ್ಪಣ್ಣ ಹೊರಬಂದ. ಇನ್ನೂ ಇಪ್ಪತ್ತೆರಡರ ಹುಡುಗ. ಬಲಗೈಯನ್ನು ಬೇರು ಮೊಣಕೈವರೆಗೆ ಜಜ್ಜಿಹಾಕಿತ್ತು. ಎದುರಿಗೆ ಬೆನ್ನು ಬಾಗಿದ, ಜಡೆಯಿಲ್ಲದ ಹೆಂಗಸೊಬ್ಬಳು ನಿಂತಿದ್ದಳು. ಅವನು ಅವಳನ್ನು ದಾಟಿ ಅತ್ತಿತ್ತ ನೋಡಿದ.

"ತಾಯಿ, ನನ್ನ ತಂಗಿ ಎಲ್ಲಿ?"

"ನಾನೇ ಕಣೋ ಅಣ್ಣಾ."

ದನಿ ಕೇಳಿ ಅವನಿಗೆ ಗುರುತು ಸಿಕ್ಕಿತು. ಎಡಗೈಯಿಂದ ಅವಳ ತಲೆ ಸವರಿ ಅತ್ತ. ಊರ ತುಂಬ ಹಾಗೇ ಆಯಿತು. ಮಗಳಿಗಿಂತ ಚಿಕ್ಕವಳಾದ ತಾಯಿ ಬಂದಳು, ಮೊಮ್ಮಗನಷ್ಟೇ ಹರೆಯದ ತಾತ ಬಂದ. ಯಾರು ಯಾರ ಕಾಲಿಗೆ ಬೀಳಬೇಕೆಂದು ತಿಳಿಯದೆ ಎಲ್ಲರೂ ತಬ್ಬಿಕೊಂಡು ನಿಂತರು.

ಮಳೆಗಾಲ ಹತ್ತಿರವಿತ್ತು. ಬೊಪ್ಪಣ್ಣನ ಕೈ ಕಲ್ಲು ಎತ್ತಲಾರದು. ಅವನು ಪಕ್ಕದಲ್ಲಿ ಕುಳಿತು ಹೇಳಿಕೊಟ್ಟ, ನಾಗಲೆ ಕಟ್ಟಿದಳು. ವಕ್ರವಾದಾಗ ಬೈದ, ಅವಳು ತಿರುಗಿ ಬೈದಳು. ನಲವತ್ತು ಮನೆ ಎದ್ದು ನಿಂತವು. ಅಣ್ಣ ತಂಗಿ, ಉಳಿದಷ್ಟು ದಿನವನ್ನು ಒಂದೂ ಪೋಲು ಮಾಡದೆ, ಒಂದೇ ಸೂರಿನಡಿ ಸುಖವಾಗಿ ಬಾಳಿದರು.